ಧಾಟಿಯಾಗುವ ಹಾಡು

ಹೊಸ ಹಿಂದೀ ಚಿತ್ರವೊಂದು ತೆರೆಗೆ ಬರುವುದಕ್ಕೆ ವಾರಗಳ ಮುಂಚೆಯೇ ಅದರ ಹಾಡುಗಳು ಊರೂರನ್ನು ಸೇರಿಬಿಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಹಾಡು ಬಂದ ಮರುದಿನವೇ ಹಾವೇರಿಯ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ರಾಣೇಬೆನ್ನೂರಿನ ಸಂತೆಯಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲಗಳಿಗೆ ಒರಗಿ ಟೆಂಡರಿನ ದರ ತಿಳಿಯುವುದನ್ನೇ ಕಾಯುತ್ತ ಕುಳಿತವರ ನಡುವೆ, ‘ಇದರಾಗ ಯಾವ ಹಾಡು ಓಡ್ತೈತಿ?’ ಎಂಬ ಪ್ರಶ್ನೆ ಹುಟ್ಟುತ್ತದೆ. ಹುಟ್ಟಿದೊಡನೆ ಪ್ರತಿಯೊಬ್ಬನೂ ತನ್ನ ತೀರ್ಪನ್ನು ಕೊಡುತ್ತಾನೆ. ವಿದ್ವಾಂಸರಾದವರು ಈ ಮಾತುಕತೆಯನ್ನು ಹೊತ್ತು ಹೋಗದವರ ವಿನೋದವೆಂದು ಬದಿಗಿಡುವುದುಂಟು. ಆದರೆ ಇನ್ನೂ ಯಾರ ಬಾಯಲ್ಲಿಯೂ ನೆಲೆಗೊಳ್ಳದ ಒಂದು ಹಾಡನ್ನು ಕೇಳಿ, ಇದು ನಾಳೆ ಯಾರ ಬಾಯಿಗೆ ಹೋಗಿ ಸೇರೀತು, ಎಷ್ಟು ಕಾಲ ಅಲ್ಲಿ ನಿಂತೀತು ಎಂದು ಹೇಳಬೇಕಾದವನಿಗೆ ಹಾಡಿನ ಸ್ವರಸಂಚಾರದ ಪರಿಚಯವೂ ಕೇಳುವ ಜನದ ಕಿವಿಯ ಪರಿಚಯವೂ ಒಟ್ಟಿಗೆ ಇರಬೇಕಾಗುವುದರಿಂದ, ಇದನ್ನು ವಿಮರ್ಶೆಯ ಒಂದು ಪ್ರಕಾರವೆಂದೇ ನಾನು ಭಾವಿಸುತ್ತೇನೆ. ವಿಮರ್ಶಕನು ಕೃತಿಯನ್ನು ಮಾತ್ರ ಬಲ್ಲವನಾದರೆ ಸಾಕೆಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಮುಂದಾಗುವುದನ್ನು ಮುಂಚಿತವಾಗಿ ಅಳೆಯುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಬ್ಯಾಡಗಿಯ ಪೇಟೆಯಲ್ಲಿ ಖರೀದಿದಾರನು ರಾಶಿಯೊಳಗಿಂದ ಒಂದು ಕಾಯಿಯನ್ನು ಎತ್ತಿಕೊಂಡು, ಅದರ ಸುಕ್ಕನ್ನು ಬೆರಳಿನಿಂದ ಸವರಿ, ತೊಟ್ಟಿನ ಬಳಿ ಮುರಿದು, ಒಳಬದಿಯ ಬಣ್ಣವನ್ನು ಬಿಸಿಲಿಗೆ ಹಿಡಿದು ನೋಡುತ್ತಾನೆ. ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಈ ಊರಿನ ಮೆಣಸಿನಕಾಯಿಗೆ ಬೆಲೆ ಬಂದಿರುವುದು ಖಾರದಿಂದಲ್ಲದೆ ಬಣ್ಣದಿಂದ. ಬಣ್ಣವು ಕೆಡದೆ ಉಳಿಯಬೇಕೆಂದೇ ಊರ ಸುತ್ತಲೂ ಶೀತಲಗೃಹಗಳು ಎದ್ದಿವೆ. ಅಲ್ಲಿಂದ ರಾಣೇಬೆನ್ನೂರಿನ ಕಡೆಗೆ ಬಂದರೆ ದೇವರಗುಡ್ಡದಲ್ಲಿ ಮಾಲತೇಶನ ಸನ್ನಿಧಿ. ದಸರೆಯ ಸಮಯದಲ್ಲಿ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ಒಂದು ಕೂಗಿನಿಂದ ಸಾವಿರಾರು ಜನರನ್ನು ನಿಶ್ಶಬ್ದಗೊಳಿಸಿ ಒಂದೇ ಒಂದು ವಾಕ್ಯವನ್ನು ನುಡಿಯುತ್ತಾನೆ. ಅದು ಮಳೆಬೆಳೆಯ ಮಾತೋ ರಾಜಕೀಯದ ಮಾತೋ ಎಂಬುದನ್ನು ಕೇಳಿದವರು ಮನೆಗೆ ಹೋಗುವ ದಾರಿಯುದ್ದಕ್ಕೂ ಅರ್ಥೈಸಿಕೊಳ್ಳುತ್ತಾರೆ. ಪೇಟೆಯವನ ತೀರ್ಪು ಕೈಯಲ್ಲಿರುವ ಸರಕನ್ನು ಕುರಿತದ್ದು. ಗೊರವಯ್ಯನು ನುಡಿಯುವ ಕಾರಣಿಕವಾದರೋ ಇನ್ನೂ ಬಾರದ ಕಾಲವನ್ನು ಕುರಿತದ್ದು. ಹಾಡಿನ ಭವಿಷ್ಯವನ್ನು ಹೇಳಹೊರಟವನು ಈ ಎರಡರ ನಡುವೆ ನಿಂತಿದ್ದಾನೆ. ಹಾಡು ಅವನ ಕೈಯಲ್ಲಿದೆ, ಮುರಿದು ನೋಡಬಹುದು. ಅದನ್ನು ಹಾಡಬೇಕಾದ ಕಂಠಗಳು ಮಾತ್ರ ಇನ್ನೂ ಮುಂದಿವೆ.

ಈ ಪ್ರಶ್ನೆಯನ್ನು ಇಡೀ ದೇಶದ ಮುಂದಿಟ್ಟ ಮೊದಲ ಸಂಸ್ಥೆ ರೇಡಿಯೋ ಸಿಲೋನ್. ಕೇಂದ್ರದಲ್ಲಿ ಬಿ. ವಿ. ಕೇಸ್ಕರರು ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾದ 1952ರಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಬಹುಮಟ್ಟಿಗೆ ಹೊರಬಿದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ ಸಿಲೋನಿನಿಂದ ಅಮೀನ್ ಸಯಾನಿಯವರ ದನಿಯಲ್ಲಿ ‘ಬಿನಾಕಾ ಗೀತಮಾಲಾ’ ಮೊದಲಾಯಿತು. ಆರಂಭದಲ್ಲಿ ಅದೊಂದು ಸ್ಪರ್ಧೆ: ಏಳು ಹಾಡುಗಳನ್ನು ಕೇಳಿಸಿ, ಜನಪ್ರಿಯತೆಯ ಕ್ರಮದಲ್ಲಿ ಅವನ್ನು ಜೋಡಿಸಿ ಬರೆಯಿರಿ ಎಂದು ಶ್ರೋತೃಗಳಿಗೆ ಹೇಳುತ್ತಿದ್ದರು. ಅರ್ಥಾತ್, ನಿನಗೆ ಯಾವುದು ಹಿಡಿಸಿತು ಎಂದು ಕೇಳದೆ, ಊರಿಗೆಲ್ಲ ಯಾವುದು ಹಿಡಿಸೀತು ಎಂದು ಕೇಳುತ್ತಿದ್ದರು. ಬುಧವಾರ ರಾತ್ರಿ ಎಂಟು ಗಂಟೆಗೆ ರೇಡಿಯೋ ಇದ್ದ ಮನೆಯ ಕಟ್ಟೆಯ ಮೇಲೆ ನೆರೆಯುತ್ತಿದ್ದ ಜನರು ಎರಡು ಕೆಲಸಗಳನ್ನು ಕಲಿತರು, ತಾವು ಕೇಳುವುದು ಮತ್ತು ಇತರರ ಕಿವಿಯಿಂದ ಕೇಳುವುದು. ಆ ಎರಡನೆಯ ಅಭ್ಯಾಸವು ಈ ನಾಡಿನ ಸಾಮಾನ್ಯ ಶ್ರೋತೃವನ್ನು ಹೇಗೆ ತಿದ್ದಿತೆಂಬುದನ್ನು ಸಂಗೀತದ ಇತಿಹಾಸಕಾರರು ಇನ್ನೂ ಸಾಕಷ್ಟು ಗಮನಿಸಿಲ್ಲವೆಂದು ನನಗೆ ತೋರುತ್ತದೆ.

ಅದೇ ರೇಡಿಯೋದ ಮುಳ್ಳನ್ನು ತುಸು ತಿರುವಿದರೆ ಧಾರವಾಡ. ಅಲ್ಲಿಯ ಕೇಂದ್ರವು 1950ರ ಜನವರಿಯಲ್ಲಿ ಪ್ರಾರಂಭವಾಗಿತ್ತು. ಮುಂದೆ ಮಲ್ಲಿಕಾರ್ಜುನ ಮನಸೂರರಂಥವರು ಅದರ ಸಂಗೀತ ಸಲಹೆಗಾರರಾದರು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಆಗ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯ ತಾಲ್ಲೂಕುಗಳು. ತುಂಗಭದ್ರೆಯ ಆಚೆಯ ದಂಡೆಯ ಹರಿಹರ ಮೈಸೂರು ರಾಜ್ಯಕ್ಕೆ ಸೇರಿದ್ದು. ಹುಬ್ಬಳ್ಳಿಯಿಂದ ಹೊರಟ ರೈಲು ಸವಾಯಿ ಗಂಧರ್ವರ ಕುಂದಗೋಳವನ್ನು ದಾಟಿ, ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೇಬೆನ್ನೂರುಗಳಲ್ಲಿ ನಿಂತು, ಹೊಳೆಯ ಸೇತುವೆಯನ್ನು ಹಾಯ್ದೊಡನೆ ಆಡಳಿತವೂ ಬದಲಾಗುತ್ತಿತ್ತು, ಕಚೇರಿಯ ಸಂಗೀತವೂ ಬದಲಾಗುತ್ತಿತ್ತು. ಈಚೆಯ ದಂಡೆಯ ಕಿವಿಗೆ ಹಿಂದೂಸ್ತಾನೀ ಪದ್ಧತಿಯ ಸಂಸ್ಕಾರ ಒದಗಿದ್ದು ದೊಡ್ಡ ಬೈಠಕ್ಕುಗಳಿಂದ ಮಾತ್ರವೇ ಅಲ್ಲ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿ ಗದುಗಿನಲ್ಲಿ ಅಂಧ ಬಾಲಕರಿಗೆ ನಾದದ ದಾರಿಯನ್ನು ತೋರಿದ ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಜಾತ್ರೆ ಪುರಾಣಗಳಿಗೂ ನಾಟಕದ ರಂಗಕ್ಕೂ ಆ ಸಂಗೀತವನ್ನು ಒಯ್ದರು. ಕಂಪನಿಯ ನಾಟಕಗಳು ಕ್ಯಾಂಪು ಹಾಕಿದಲ್ಲೆಲ್ಲ ಪೇಟಿ ಮಾಸ್ತರರು ಪೀಲೂ, ಭೈರವಿ, ಮಾಂಡ, ಜೋಗಿಯಾಗಳನ್ನು ಹೆಸರು ಹೇಳದೆಯೇ ಜನರ ಕಿವಿಗೆ ಹಾಕಿದರು.

ಇಂತಹ ಕಿವಿಗೆ 1956ರಲ್ಲಿ ‘ಬಸಂತ್ ಬಹಾರ್’ ಬಂದಿತು. ಹೊಸ ಚಿತ್ರದ ಹಾಡುಗಳಲ್ಲಿ ಯಾವುದು ಓಡೀತೆಂಬ ಪ್ರಶ್ನೆಯನ್ನು ಈ ಸೀಮೆಯಲ್ಲಿ ನಿಂತು ಪರೀಕ್ಷಿಸುವುದಕ್ಕೆ ಇದಕ್ಕಿಂತ ತಕ್ಕ ಉದಾಹರಣೆಯನ್ನು ನಾನು ಕಾಣೆ. ಕಥೆಯ ಮೂಲ ಕನ್ನಡದ್ದು: ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನ ಬಾಳನ್ನು ವಸ್ತುವಾಗಿಸಿಕೊಂಡ ತ. ರಾ. ಸುಬ್ಬರಾಯರ ‘ಹಂಸಗೀತೆ’. ರಾಜಾ ನವಾಥೆಯವರು ನಿರ್ದೇಶಿಸಿದ ಹಿಂದೀ ಚಿತ್ರದಲ್ಲಿ ಕಥೆಯು ದುರ್ಗದಿಂದ ಉತ್ತರದ ದರ್ಬಾರಿಗೆ ಹೋಗಿ, ಗಾಯಕನು ಜ್ಯೋತಿಷಿಯೊಬ್ಬನ ಮಗನಾಗುತ್ತಾನೆ. ತಂದೆಯು ಗ್ರಹಗತಿಯನ್ನು ಕಲಿಯೆಂದರೆ ಮಗನು ಸ್ವರಗತಿಯನ್ನು ಹಿಡಿಯುತ್ತಾನೆ. ಸಂಗೀತ ಶಂಕರ್–ಜೈಕಿಶನ್ನರದು, ಸಾಹಿತ್ಯ ಶೈಲೇಂದ್ರ ಮತ್ತು ಹಸರತ್ ಜೈಪುರಿಯವರದು. ಅದೇ ವರ್ಷದ ನವೆಂಬರ್ ಒಂದರಂದು ತುಂಗಭದ್ರೆಯ ಎರಡು ದಂಡೆಗಳೂ ಒಂದೇ ರಾಜ್ಯಕ್ಕೆ ಸೇರಿದವು.

ಆ ಹಾಡುಗಳನ್ನು ಮೊದಲ ಸಲ ಕೇಳಿದವನ ಸ್ಥಾನದಲ್ಲಿ ನಿಂತು ನೋಡೋಣ. ಮಹಮ್ಮದ್ ರಫಿಯವರಿಗೆ ತೋಡಿಯಲ್ಲಿ ಒಂದು ಭಕ್ತಿಗೀತೆ. ಮನ್ನಾ ಡೇಯವರಿಗೆ ಮಿಯಾ ಮಲ್ಹಾರದಲ್ಲಿ ಒಂದು ಪ್ರಾರ್ಥನೆ, ಪೀಲೂವಿನಲ್ಲಿ ಒಂದು ಅಳಲು. ಲತಾ ಮಂಗೇಶಕರರಿಗೆ ಭೈರವಿಯಲ್ಲಿ, ಪನ್ನಾಲಾಲ್ ಘೋಷರ ಕೊಳಲಿನೊಡನೆ, ಒಂದು ಆತ್ಮನಿವೇದನೆ. ಇವುಗಳ ನಡುವೆ ದರ್ಬಾರಿನ ಸ್ಪರ್ಧೆಯ ಸನ್ನಿವೇಶಕ್ಕಾಗಿ ಭೀಮಸೇನ ಜೋಶಿ ಮತ್ತು ಮನ್ನಾ ಡೇ ಇಬ್ಬರೂ ಕೂಡಿ ಹಾಡಿದ ಒಂದು ಜುಗಲಬಂದಿ. ಲಾಭದ ದೃಷ್ಟಿಯಿಂದ ಗ್ರಾಮೊಫೋನ್ ತಟ್ಟೆ ಮಾರುವವನು ಯಾವುದರ ಮೇಲೆ ಹಣ ಹೂಡಬೇಕಾಗಿತ್ತು? ಹಾಡಿನ ಘನತೆಯನ್ನೇ ಮಾನದಂಡವಾಗಿಟ್ಟುಕೊಂಡರೆ ಜುಗಲಬಂದಿಯ ಮೇಲೆ. ಗಾಯಕನ ಹೆಸರನ್ನು ಇಟ್ಟುಕೊಂಡರೆ ರಫಿ, ಲತಾ ಇವರ ಮೇಲೆ. ಸನ್ನಿವೇಶದ ವೈಭವವನ್ನು ಇಟ್ಟುಕೊಂಡರೆ ಮತ್ತೆ ದರ್ಬಾರಿನ ಮೇಲೆಯೇ. ಈ ಮೂರು ಮಾನದಂಡಗಳೂ ಈ ನೆಲದಲ್ಲಿ ಸಾಲವು ಎಂಬುದು ನನ್ನ ಅಭಿಪ್ರಾಯ. ಇಲ್ಲಿಯ ಮಾನದಂಡ ಬೇರೆಯೊಂದಿದೆ, ಅದು ದೊರೆಯುವ ಸ್ಥಳವೂ ಬೇರೆ.

ಆ ಸ್ಥಳ ಭಜನೆಯ ಪುಸ್ತಕ. ಕೆಂಪೋ ಹಳದಿಯೋ ಬಣ್ಣದ ತೆಳುವಾದ ಹೊದಿಕೆ. ಹೊದಿಕೆಯ ಮೇಲೆ ಗುರುವಿನ ಅಥವಾ ಗ್ರಾಮದೇವತೆಯ ಚಿತ್ರ. ಒಳಗೆ ಅಗ್ಗದ ಕಾಗದದ ಮೇಲೆ ಒತ್ತೊತ್ತಾಗಿ ಅಚ್ಚಾದ ಪದಗಳು. ಪ್ರತಿಯೊಂದು ಪದದ ತಲೆಯ ಮೇಲೆ ಆವರಣದಲ್ಲಿ ‘ಧಾಟಿ’ ಎಂದು ಬರೆದು, ಯಾವುದೋ ಚಿತ್ರದ ಯಾವುದೋ ಹಾಡಿನ ಮೊದಲ ನಾಲ್ಕು ಶಬ್ದಗಳನ್ನು ಕನ್ನಡ ಲಿಪಿಯಲ್ಲಿ, ಬರೆದವನಿಗೆ ಕೇಳಿಸಿದ ಹಾಗೆ, ಒಮ್ಮೊಮ್ಮೆ ಮೂಲದವನಿಗೆ ಗುರುತು ಹತ್ತದ ಹಾಗೆ, ಕೊಟ್ಟಿರುತ್ತಾರೆ. ಪದವನ್ನು ರಚಿಸಿದಾತ ಊರಿನ ಶಿಕ್ಷಕನಿರಬಹುದು, ಬಡಿಗನಿರಬಹುದು, ಮಠದಲ್ಲಿ ನಾಲ್ಕಕ್ಷರ ಕಲಿತ ಒಕ್ಕಲಿಗನಿರಬಹುದು. ರಾಗವನ್ನು ಹೊಸದಾಗಿ ಕಟ್ಟುವ ಗೋಜಿಗೆ ಹೋಗದೆ, ಕೂಡಿದವರೆಲ್ಲರಿಗೂ ಆಗಲೇ ಬರುವ ಹಾಡೊಂದನ್ನು ಆರಿಸಿಕೊಂಡು ಅದರ ಅಚ್ಚಿನೊಳಗೆ ಬಸವಣ್ಣನನ್ನೋ ಕನಕದಾಸರನ್ನೋ ಶರೀಫಸಾಹೇಬರನ್ನೋ ಸ್ತುತಿಸುವ ತನ್ನ ಶಬ್ದಗಳನ್ನು ಹೊಯ್ಯುತ್ತಾನೆ. ಅವನು ಆರಿಸಿಕೊಂಡ ಹಾಡೇ ನಿಜವಾಗಿ ಓಡಿದ ಹಾಡು. ಗೀತಮಾಲೆಯ ಮೆಟ್ಟಿಲುಗಳನ್ನೇರಿದ ಎಷ್ಟೋ ಹಾಡುಗಳ ಹೆಸರನ್ನು ಆ ಪುಸ್ತಕಗಳಲ್ಲಿ ನೀವು ಕಾಣಲಾರಿರಿ. ಮೆಟ್ಟಿಲನ್ನೇ ತುಳಿಯದ ಕೆಲವನ್ನು ಮೂರು ತಲೆಮಾರಿನ ಪುಸ್ತಕಗಳಲ್ಲಿಯೂ ಕಾಣುವಿರಿ.

ಶ್ರಾವಣದ ಒಂದು ಸೋಮವಾರ ರಾತ್ರಿ ಕಾಗಿನೆಲೆಯ ಆಸುಪಾಸಿನ ಹಳ್ಳಿಯೊಂದರ ಗುಡಿಯಲ್ಲಿ ಭಜನೆಯನ್ನು ಕೇಳುತ್ತ ಕುಳಿತಿದ್ದೆ. ಪೇಟಿಯವರು ಕಪ್ಪು ಎರಡಕ್ಕೆ ಸ್ವರವನ್ನು ಹಿಡಿದಿದ್ದರು. ಡಗ್ಗಾದ ಮೇಲೆ ಕೂತ ಹುಡುಗನಿಗೆ ಹದಿನಾರೋ ಹದಿನೇಳೋ ವಯಸ್ಸು. ಹಿರಿಯರೊಬ್ಬರು ಗುರುಸ್ತುತಿಯ ಪದವೊಂದನ್ನು ಎತ್ತಿಕೊಂಡರು. ಮೊದಲ ಸಾಲು ಮುಗಿಯುವುದರೊಳಗೆ ಅದು ‘ಬಸಂತ್ ಬಹಾರ್’ದ ಪೀಲೂ ಎಂಬುದು ನನಗೆ ಸ್ಪಷ್ಟವಾಯಿತು. ಮೂಲದಲ್ಲಿ ಸ್ವರವು ತನಗೆ ಒಲಿಯದೆಂದು ಹಲುಬುವ ಗಾಯಕನ ವೇದನೆಯಿದ್ದ ಸ್ಥಳದಲ್ಲಿ ಇಲ್ಲಿ ಗುರುವು ಒಲಿಯನೆಂದು ಹಲುಬುವ ಶಿಷ್ಯನ ವೇದನೆಯಿತ್ತು; ಎರಡು ಗಾಂಧಾರಗಳ ನಡುವೆ ದನಿಯು ತೂಗಾಡುವ ಆ ಕೊಂಕು, ಮನ್ನಾ ಡೇಯವರ ಸೂಕ್ಷ್ಮತೆಯನ್ನೆಲ್ಲ ಕಳಚಿಕೊಂಡೂ, ತನ್ನ ಜೀವವನ್ನು ಬಿಟ್ಟಿರಲಿಲ್ಲ. ಹಿರಿಯರು ಬಿಟ್ಟಲ್ಲಿ ಹಿಮ್ಮೇಳದವರು ಎತ್ತಿಕೊಂಡರು. ಎತ್ತಿಕೊಂಡವರಲ್ಲಿ ಅರ್ಧದಷ್ಟು ಮಂದಿ ಆ ಚಿತ್ರದ ಹೆಸರನ್ನೇ ಕೇಳಿದವರಲ್ಲ. ಅವರಿಗೆ ಅದು ಹಿಂದೀ ಹಾಡಾಗಿ ಉಳಿದಿರಲೇ ಇಲ್ಲ, ತಮ್ಮ ಗುಡಿಯ ಪದವಾಗಿತ್ತು.

ಇಲ್ಲಿಂದ ನಾನು ಪಡೆಯುವ ನಿಯಮ ಸರಳವಾದುದು. ವಾದ್ಯವೃಂದವನ್ನು ಕಿತ್ತುಹಾಕಿ, ಗಾಯಕನ ವಿಶಿಷ್ಟ ಕಂಠವನ್ನು ಕಿತ್ತುಹಾಕಿ, ಕೊನೆಗೆ ಹಾಡಿನ ಸ್ವಂತ ಶಬ್ದಗಳನ್ನೂ ಕಿತ್ತುಹಾಕಿದ ಮೇಲೆ ಯಾವುದು ಉಳಿದು, ಒಂದು ಪೇಟಿ, ಒಂದು ಡಗ್ಗಾ, ನಾಲ್ಕು ಜೊತೆ ತಾಳಗಳ ಆಶ್ರಯದಲ್ಲಿ ಸಾಧಾರಣ ಕಂಠಗಳ ಗುಂಪಿಗೆ ಒದಗಿಬರುವುದೋ ಆ ಹಾಡಿಗೆ ಈ ಸೀಮೆಯಲ್ಲಿ ದೀರ್ಘಾಯುಷ್ಯ. ಪಲ್ಲವಿಯು ಒಂದು ಸ್ಥಾಯಿಯೊಳಗೆ, ಸಾಧ್ಯವಾದರೆ ಆರು ಸ್ವರಗಳೊಳಗೆ, ಸುಳಿದಾಡಬೇಕು. ಲಯವು ಕೇರವಾ ಅಥವಾ ದಾದರಾಕ್ಕೆ ಒಗ್ಗಬೇಕು. ಸಾಲು ಉಸಿರಿಗಿಂತ ಉದ್ದವಾಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಆ ರಾಗದ ನೆರಳು ಕೇಳುವವನ ಮನಸ್ಸಿನಲ್ಲಿ ಮೊದಲೇ ಬಿದ್ದಿರಬೇಕು. ಹೊಸ ಹಾಡು ಹಳೆಯ ಪರಿಚಯವೊಂದನ್ನು ಎಬ್ಬಿಸದಿದ್ದರೆ ಒಂದು ಋತುವಿನ ಮೇಲೆ ಬಾಳುವುದಿಲ್ಲ. ಚಿತ್ರದ ತೋಡಿಯ ಹಾಡು ರಫಿಯವರ ಅತ್ಯುತ್ತಮ ಸಾಧನೆಗಳಲ್ಲೊಂದು. ಆದರೂ ತೋಡಿಯ ಇಳಿದ ರಿಷಭ ಗಾಂಧಾರಗಳೂ ಏರಿದ ಮಧ್ಯಮವೂ ಶಿಕ್ಷಣವಿಲ್ಲದ ಕಂಠದಲ್ಲಿ ಕೂಡಲೇ ಜಾರುವುದರಿಂದ ಅದು ಭಜನೆಗೆ ಇಳಿಯಲಾರದು. ಮಲ್ಹಾರದ ಪ್ರಾರ್ಥನೆಯದೂ ಅದೇ ಪಾಡು: ಗಾಂಧಾರವನ್ನು ಆಂದೋಲಿಸಲು ಬಾರದವನು ಅದನ್ನು ಹಾಡಿದರೆ ಮಳೆಯ ರಾಗವು ಒಣಗಿಹೋಗುತ್ತದೆ. ಭೈರವಿಯ ಮಾತೇ ಬೇರೆ. ಬೈಠಕ್ಕು ಮುಗಿಯುವುದು ಭೈರವಿಯಿಂದ, ನಾಟಕದ ಕರುಣರಸ ಭೈರವಿಯಿಂದ, ಬೆಳಗಿನ ಜಾವದ ಭಜನೆಯ ಮಂಗಳವೂ ಎಷ್ಟೋ ಕಡೆ ಭೈರವಿಯಿಂದಲೇ. ಲತಾ ಅವರ ಹಾಡಿಗೆ ಪನ್ನಾಲಾಲರ ಕೊಳಲು ಎಷ್ಟು ಅವಿಭಾಜ್ಯವೆಂದು ರಸಿಕರು ತಲೆದೂಗುತ್ತಾರೋ, ಆ ಕೊಳಲಿಲ್ಲದೆಯೂ ಹಾಡು ನಿಲ್ಲಬಲ್ಲುದೆಂಬುದನ್ನು ನಮ್ಮ ಪೇಟಿಯವರು ಅಷ್ಟೇ ದೃಢವಾಗಿ ತೋರಿಸಿಕೊಟ್ಟಿದ್ದಾರೆ.

ಅದೇ 1956ರಲ್ಲಿ ಅದೇ ಸಂಗೀತಗಾರರು, ಅದೇ ಇಬ್ಬರು ಕವಿಗಳು ಕೂಡಿ ‘ಚೋರಿ ಚೋರಿ’ಗೆ ಹಾಡು ಕಟ್ಟಿದರು. ರಾಜ್ ಕಪೂರ್, ನರ್ಗಿಸ್ ಇವರ ಮೇಲೆ ಚಿತ್ರಿತವಾದ ಲತಾ–ಮನ್ನಾ ಡೇ ಯುಗಳಗೀತೆಗಳು ಬಂದ ಬಂದಂತೆಯೇ ಜನರನ್ನು ಗೆದ್ದವು. ಶಂಕರ್–ಜೈಕಿಶನ್ನರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದದ್ದೂ ಈ ಚಿತ್ರಕ್ಕೇ. ರಾಗಸಂಗೀತದ ಅಭಿಮಾನಿಗಳು ಇದನ್ನು ಅನ್ಯಾಯವೆಂದು ಇಂದಿಗೂ ಹೇಳುವುದುಂಟು. ನಾನು ಆ ಪಕ್ಷದವನಲ್ಲ. ಆ ಯುಗಳಗೀತೆಗಳು ಬ್ಯಾಂಡಿನವರ ಕ್ಲಾರಿಯೋನೆಟ್ಟಿಗೆ ಹೇಳಿ ಮಾಡಿಸಿದಂಥವು. ಮದುವೆಯ ಮೆರವಣಿಗೆಯಲ್ಲಿ ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ನಡೆಯುವ ಜನರ ಹೆಜ್ಜೆಗೆ ಒಗ್ಗುವಂಥವು. ಬೀದಿಗೆ ಸಲ್ಲುವ ಹಾಡು ಬೀದಿಯಲ್ಲಿ ಗೆದ್ದರೆ ಅದರಲ್ಲಿ ಕೊರತೆಯೇನೂ ಇಲ್ಲ. ಬೀದಿಯಲ್ಲಿ ಗೆದ್ದ ಹಾಡೇ ಗುಡಿಯಲ್ಲಿಯೂ ಗೆಲ್ಲುವುದೆಂದು ಮಾತ್ರ ಭವಿಷ್ಯ ಹೇಳುವವನು ಎಣಿಸಬಾರದು. ಬೀದಿಯ ಹಾಡಿಗೆ ವರುಷ ವರುಷಕ್ಕೆ ಹೊಸ ಉತ್ತರಾಧಿಕಾರಿ ಬರುತ್ತಾನೆ. ದೀಪಾವಳಿಯ ತರುವಾಯದ ಹೋರಿ ಬೆದರಿಸುವ ಅಖಾಡಗಳಲ್ಲಿ, ಕೊಬ್ಬರಿ ಬಲೂನುಗಳಿಂದ ಸಿಂಗರಿಸಿದ ಹೋರಿಯ ಹಿಂದೆ ಮೊಳಗುವ ಧ್ವನಿವರ್ಧಕಗಳನ್ನು ಸತತವಾಗಿ ಕೇಳಿದವರಿಗೆ ಈ ಉತ್ತರಾಧಿಕಾರದ ವೇಗವು ತಿಳಿದೇ ಇದೆ.

ಈಗ ಜುಗಲಬಂದಿಯ ವಿಚಾರ. ನನ್ನ ನಿಯಮವನ್ನು ಅದರ ಮೇಲೆ ಹೇರಿದರೆ ಅದು ಸೋತ ಹಾಡು. ಯಾವ ಭಜನಾಮಂಡಳಿಯೂ ಅದರ ಧಾಟಿಯಲ್ಲಿ ಪದ ಕಟ್ಟಿದ್ದನ್ನು ನಾನು ಕೇಳಿಲ್ಲ, ಯಾವ ಬ್ಯಾಂಡೂ ಅದನ್ನು ನುಡಿಸಿದ್ದನ್ನು ಕೇಳಿಲ್ಲ. ಸ್ನಾನದ ಮನೆಯಲ್ಲಿ ಸಹ ಅದನ್ನು ಹಾಡಲು ಧೈರ್ಯ ಬೇಕು. ಆದರೂ ಅದು ಬದುಕಿದೆ. ನಾಲ್ಕು ವರ್ಷ ಹಿಂದೆ, 1952ರಲ್ಲಿ, ನೌಷಾದರು ‘ಬೈಜೂ ಬಾವರಾ’ದಲ್ಲಿ ಅಮೀರ್ ಖಾನ್ ಮತ್ತು ಡಿ. ವಿ. ಪಲುಸ್ಕರರನ್ನು ಎದುರುಬದುರು ಕೂರಿಸಿ ಇಂಥದೇ ಸ್ಪರ್ಧೆಯನ್ನು ತೋರಿಸಿದ್ದರು. ಅಲ್ಲಿ ಇಬ್ಬರೂ ಶಾಸ್ತ್ರೀಯ ಗಾಯಕರು. ಇಲ್ಲಿ ಒಂದು ಪಕ್ಕದಲ್ಲಿ ಸವಾಯಿ ಗಂಧರ್ವರ ಶಿಷ್ಯ, ಮತ್ತೊಂದು ಪಕ್ಕದಲ್ಲಿ ಚಿತ್ರರಂಗದ ಹಿನ್ನೆಲೆ ಗಾಯಕ. ಕಥೆಯ ಪ್ರಕಾರ ನಾಯಕನಿಗೆ ದನಿ ಕೊಟ್ಟವರು ಗೆಲ್ಲಬೇಕು. ಭೀಮಸೇನರನ್ನು ‘ಸೋಲಿಸಬೇಕೆಂಬ’ ಮಾತನ್ನು ಕೇಳಿದಾಗ ತಾವು ಹೆದರಿ ಹಿಂಜರಿದುದನ್ನು ಮನ್ನಾ ಡೇಯವರೇ ಮುಂದೆ ಹೇಳಿಕೊಂಡಿದ್ದಾರೆ. ಹಾಡನ್ನು ಗಮನವಿಟ್ಟು ಕೇಳಿದರೆ ಆ ಹೆದರಿಕೆಯು ಕಲೆಯಾಗಿ ಮಾರ್ಪಟ್ಟಿರುವುದು ತಿಳಿಯುತ್ತದೆ. ಜೋಶಿಯವರ ತಾನುಗಳು ಕಂಠದ ಆಳದಿಂದ ಎದ್ದು ನೇರವಾಗಿ ಹಾಯುತ್ತವೆ, ಅವಕ್ಕೆ ಯಾರನ್ನೂ ಮೆಚ್ಚಿಸುವ ಉದ್ದೇಶವಿಲ್ಲ. ಮನ್ನಾ ಡೇಯವರ ಉತ್ತರಗಳಲ್ಲಿ ಒಂದು ಸಾವಧಾನವಿದೆ, ಸ್ವರದ ಅಂಚನ್ನು ತಿದ್ದಿಕೊಳ್ಳುವ ವಿನಯವಿದೆ. ತೀರ್ಪುಗಾರನಾಗಿ ಕೂತರೆ ನಾನು ಕಥೆಯ ತೀರ್ಪನ್ನು ಒಪ್ಪಲಾರೆ. ಧಾರವಾಡ ಸೀಮೆಯ ಯಾವ ಶ್ರೋತೃವೂ ಒಪ್ಪಿದ್ದಾನೆಂದು ನಂಬಲಾರೆ. ಆದರೆ ಚಿತ್ರಕ್ಕೆ ಬೇಕಾಗಿದ್ದ ಮಾರ್ದವತೆ ಮನ್ನಾ ಡೇಯವರಲ್ಲಿ ಹೆಚ್ಚಾಗಿತ್ತೆಂಬುದನ್ನು ಒಪ್ಪುತ್ತೇನೆ.

ಆದ್ದರಿಂದ ಹಾಡಿನ ಬಾಳು ಎರಡು ಬಗೆಯದೆಂದು ಹೇಳಬೇಕಾಗುತ್ತದೆ. ಕೆಲವು ಹಾಡುಗಳನ್ನು ಜನರು ಎತ್ತಿಕೊಂಡು ಹೋಗುತ್ತಾರೆ. ಕೆಲವಕ್ಕೆ ಜನರೇ ಬಂದು ಕೂಡುತ್ತಾರೆ. ಟಿಕೀಟು ಕೊಂಡು ಸಂಗೀತ ಸಭೆಗೆ ಹೋಗುವ ಅನುಕೂಲವಿಲ್ಲದ, ಸಂತೆಗೆ ದನ ಹೊಡೆದುಕೊಂಡು ಬಂದ ಒಕ್ಕಲಿಗನೊಬ್ಬನು, ಹೋಟೆಲಿನ ರೇಡಿಯೋದಿಂದ ಹೊರಬಂದ ಆ ಕೆಲವೇ ನಿಮಿಷಗಳ ಸ್ಪರ್ಧೆಯಲ್ಲಿ ತನ್ನ ಸೀಮೆಯ ಮನುಷ್ಯನ ಖ್ಯಾಲವನ್ನು ಕೇಳಿದನೆಂಬುದು ಸಣ್ಣ ಮಾತಲ್ಲ. ಆಕಾಶವಾಣಿಯು ಚಿತ್ರಗೀತೆಯಿಂದ ಶಾಸ್ತ್ರೀಯ ಸಂಗೀತವನ್ನು ಕಾಪಾಡಬೇಕೆಂದು ಬಾಗಿಲು ಮುಚ್ಚಿದ್ದ ಕಾಲದಲ್ಲಿ, ಸಿಲೋನಿನ ಚಿತ್ರಗೀತೆಯು ಭೀಮಸೇನರನ್ನೇ ಹೊತ್ತು ತಂದಿತು. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿಯು ಪ್ರಾರಂಭವಾಗಿ ಬಾಗಿಲು ಮತ್ತೆ ತೆರೆಯಿತು. ಮುಂದೆ 1966ರಲ್ಲಿ ಅನಕೃ ಅವರ ಕಾದಂಬರಿಯನ್ನು ಆಧರಿಸಿದ ‘ಸಂಧ್ಯಾರಾಗ’ದಲ್ಲಿ ಭೀಮಸೇನರ ಅದೇ ಕಂಠವು ಕನ್ನಡದ ಶಬ್ದಗಳೊಡನೆ ಕೇಳಿಬಂದಾಗ, ಅದನ್ನು ಬರಮಾಡಿಕೊಳ್ಳಲು ಇಲ್ಲಿಯ ಕಿವಿಗಳು ಸಿದ್ಧವಾಗಿದ್ದವು.

ಹೊಳೆಯಾಚೆಯ ಸಂಗತಿಯನ್ನೂ ಒಂದೆರಡು ಮಾತಿನಲ್ಲಿ ನೋಡಬಹುದು. ತರಾಸು ಅವರ ಕಥೆಯನ್ನೇ ಜಿ. ವಿ. ಅಯ್ಯರರು 1975ರಲ್ಲಿ ‘ಹಂಸಗೀತೆ’ಯಾಗಿ ಕನ್ನಡಕ್ಕೆ ಮರಳಿ ತಂದರು, ಅದರ ಗಾಯನಕ್ಕಾಗಿ ಬಾಲಮುರಳಿಕೃಷ್ಣರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಕೃತಿಯಾಗಿ ಅದು ಹಿಂದೀ ಚಿತ್ರಕ್ಕಿಂತ ಎಷ್ಟೋ ಮೇಲಿನದು. ಕಥೆಯ ಗಾಯಕನು ತನ್ನ ನೆಲದಲ್ಲಿ, ತನ್ನ ಪದ್ಧತಿಯಲ್ಲಿ ಹಾಡುತ್ತಾನೆ, ದರ್ಬಾರಿನ ಝಗಮಗವಿಲ್ಲದೆ ದುರ್ಗದ ಕಲ್ಲುಗಳ ನಡುವೆ ಹಾಡುತ್ತಾನೆ. ಹಾಗಿದ್ದೂ ರಾಣೇಬೆನ್ನೂರಿನ ಭಜನೆಯವನ ಪುಸ್ತಕಕ್ಕೆ ಧಾಟಿಯಾಗಿ ಒದಗಿದ್ದು ದೂರದ ಮುಂಬಯಿಯ ಪೀಲೂ ಭೈರವಿಗಳು. ಹಾಡು ಯಾವ ಭಾಷೆಯದೆಂಬುದಕ್ಕಿಂತ ಯಾವ ರಾಗಪರಂಪರೆಯದೆಂಬುದು ಇಲ್ಲಿ ಬಲವಾಗಿ ಕೆಲಸ ಮಾಡಿದೆ. ಇದಕ್ಕೆ ಮತ್ತೊಂ​ದು ಸಾಕ್ಷ್ಯ ‘ಸಂಗೀತಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’. ಇದೇ ಸೀಮೆಯ ಮಣ್ಣಿನ ಸಾಧಕರನ್ನು ಕುರಿತ ಆ ಕನ್ನಡ ಚಿತ್ರಕ್ಕೆ 1995ರ ಸಾಲಿನಲ್ಲಿ ಹಂಸಲೇಖರಿಗೂ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿಗಳು ಬಂದವು. ಬಾಲಸುಬ್ರಹ್ಮಣ್ಯಂ ಅವರಿಗೆ ಪ್ರಶಸ್ತಿಯನ್ನು ತಂದ ಹಾಡು ಮೋಡಗಳ ಗರ್ಜನೆಯನ್ನು ಬಣ್ಣಿಸುವ ಒಂದು ಹಿಂದೀ ಬಂದಿಶು. ಕನ್ನಡ ಚಿತ್ರದ ನಡುವೆ ಹಿಂದೀ ಬಂದಿಶು ಬಂದಿತೆಂದು ಈ ಭಾಗದಲ್ಲಿ ಯಾರೂ ಬೆರಗಾಗಲಿಲ್ಲ. ಗವಾಯಿಗಳ ಬಾಯಲ್ಲಿ ಮತ್ತೇನು ಬರಬೇಕು?

ಕ್ಯಾಸೆಟ್ಟಿನ ಕಾಲದಲ್ಲಿ ಭವಿಷ್ಯ ಹೇಳುವ ಅಧಿಕಾರವು ಅಂಗಡಿಯವನ ಕೈಗೆ ಬಂದಿತು. 1990ರ ‘ಆಶಿಕಿ’ಯ ಹಾಡುಗಳು ಅಗ್ಗದ ಕ್ಯಾಸೆಟ್ಟುಗಳ ಮೂಲಕ ಮನೆಮನೆಗೆ ಹೋದ ದಿನಗಳವು. ಅದೇ ವರ್ಷ ಸಿ. ಅಶ್ವಥ್ ಅವರ ಸಂಗೀತದಲ್ಲಿ ‘ಸಂತ ಶಿಶುನಾಳ ಶರೀಫ’ವೂ ಬಂದಿತು, ನೂರು ವರ್ಷ ಭಜನೆಯಲ್ಲಿಯೇ ಬಾಳಿದ ಪದಗಳು ಈಗ ಕ್ಯಾಸೆಟ್ಟಿನಿಂದ ಭಜನೆಗೆ ಮರಳಿದವು, ಇದು ಧಾಟಿಯ ಪ್ರಯಾಣದ ತಿರುಗುಮುಖ. ರಾಣೇಬೆನ್ನೂರಿನ ಅಂಗಡಿಗೆ ಗಿರಾಕಿಯು ಖಾಲಿ ಕ್ಯಾಸೆಟ್ಟನ್ನೂ ಒಂದು ಚೀಟಿಯನ್ನೂ ತಂದು ಕೊಡುತ್ತಿದ್ದನು. ಚೀಟಿಯಲ್ಲಿ ತನಗೆ ಬೇಕಾದ ಹಾಡುಗಳ ಯಾದಿ, ಎರಡೂ ಬದಿಗೆ ಸಾಲುವಷ್ಟು. ಚೀಟಿಗಳನ್ನು ಓದುತ್ತ ಓದುತ್ತ ಅಂಗಡಿಯವನಿಗೆ ಯಾವ ಹಾಡು ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂಬ ಲೆಕ್ಕ ಸಿಕ್ಕಿಬಿಡುತ್ತಿತ್ತು. ಒಂದು ಹೊಸ ಚಿತ್ರದ ಎಂಟು ಹಾಡುಗಳಲ್ಲಿ ಜನ ಮೊದಲ ವಾರ ಒಂದನ್ನು ಬರೆಯುತ್ತಾರೆ, ಎರಡು ತಿಂಗಳ ಮೇಲೆ ಬೇರೊಂದನ್ನು ಬರೆಯುತ್ತಾರೆ, ಆ ಎರಡನೆಯದೇ ಉಳಿಯುವ ಹಾಡು ಎಂದು ಅಂಥ ಒಬ್ಬ ಅನುಭವಿಯು ನನಗೆ ಹೇಳಿದ್ದುಂಟು. ಸಂಗೀತಶಾಸ್ತ್ರದ ಯಾವ ಗ್ರಂಥದಲ್ಲಿಯೂ ನಾನು ಇಷ್ಟು ಖಚಿತವಾದ ಮಾತನ್ನು ಓದಿಲ್ಲ.

ಇಂದು ಆ ಎರಡು ತಿಂಗಳ ಅವಕಾಶವೇ ಹಾಡಿಗೆ ದೊರೆಯುತ್ತಿಲ್ಲ ಎಂಬುದು ನನ್ನ ವ್ಯಥೆ. ಹಾಡು ಹೊರಬಂದ ದಿನವೇ ಎಷ್ಟು ಲಕ್ಷ ಮಂದಿ ನೋಡಿದರೆಂದು ಎಣಿಸಿ, ಎಣಿಕೆಯನ್ನೇ ತೀರ್ಪೆಂದು ಸಾರುತ್ತಾರೆ. ಅರ್ಧ ನಿಮಿಷದ ರೀಲ್ಸಿಗೆ ಒದಗುವ ತುಣುಕು ಯಾವುದೆಂದು ಮೊದಲೇ ಯೋಚಿಸಿ ಪಲ್ಲವಿಯನ್ನು ಕಟ್ಟುತ್ತಾರೆ. ಒಂದೇ ಚಿತ್ರಕ್ಕೆ ಐದಾರು ಮಂದಿ ಬೇರೆ ಬೇರೆ ಸಂಗೀತಗಾರರು ಹಾಡು ಒದಗಿಸುವ ಪದ್ಧತಿ ಬಂದಿರುವುದರಿಂದ, ‘ಬಸಂತ್ ಬಹಾರ್’ದಲ್ಲಿ ತೋಡಿಯ ಪಕ್ಕದಲ್ಲಿ ಪೀಲೂವನ್ನು, ಪೀಲೂವಿನ ಪಕ್ಕದಲ್ಲಿ ಭೈರವಿಯನ್ನು ತೂಗಿ ಇಟ್ಟ ಒಂದೇ ಮನಸ್ಸಿನ ವಿನ್ಯಾಸವನ್ನು ಇಲ್ಲಿ ಹುಡುಕುವಂತಿಲ್ಲ. ಹಾಗೆಂದು ಹೊಸ ಹಾಡುಗಳನ್ನು ಕೇಳದೆಯೇ ತಳ್ಳಿಹಾಕುವುದು ವಿಮರ್ಶಕನಿಗೆ ಸಲ್ಲದು. 2025ರ ಜುಲೈಯಲ್ಲಿ ಬಂದ ಮೋಹಿತ್ ಸೂರಿಯವರ ‘ಸೈಯಾರಾ’ವನ್ನೇ ತೆಗೆದುಕೊಳ್ಳೋಣ. ಅದರ ಶೀರ್ಷಿಕೆಯ ಹಾಡು ಕಾಶ್ಮೀರದ ಯುವಕ ಫಹೀಮ್ ಅಬ್ದುಲ್ಲಾರ ಕಂಠದಲ್ಲಿ ದೇಶವನ್ನೆಲ್ಲ ಸುತ್ತಿಬಂದಿತು. ಹಾವೇರಿಯ ಕಾಲೇಜಿನ ಮಕ್ಕಳ ಬಾಯಲ್ಲಿಯೂ ಅದನ್ನು ಕೇಳಿದೆ. ಆ ಗೆಲವು ನ್ಯಾಯವಾದುದೇ. ಹಾಡು ಕೆಳಗಿನ ಸ್ವರಗಳಲ್ಲಿ ಮಾತಿನಂತೆ ಮೊದಲಾಗಿ, ಪಲ್ಲವಿಗೆ ಬಂದೊಡನೆ ಮೇಲಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯೇ ಅದರ ಆಕರ್ಷಣೆ.

ಆ ಚಿಮ್ಮುವಿಕೆಯೇ ಅದರ ಮಿತಿಯೂ ಆಗುವುದೆಂದು ನನ್ನ ಅಂದಾಜು. ನಡುವಯಸ್ಸಿನ ಹತ್ತು ಮಂದಿ ಕೂಡಿ ಕಪ್ಪು ಎರಡರ ಪೇಟಿಯೊಡನೆ ಅದನ್ನು ಎತ್ತಲಾರರು. ಪಲ್ಲವಿಗೆ ಬಂದಲ್ಲಿ ದನಿಗಳು ಒಡೆದುಹೋಗುವುವು. ಇದೇ ಹಾಡನ್ನು ಶ್ರೇಯಾ ಘೋಷಾಲರು ಹೆಣ್ಣುದನಿಯಲ್ಲಿ ಮತ್ತೆ ಹಾಡಿದ್ದಾರೆ. ಅಲ್ಲಿ ಆವೇಗವು ತಗ್ಗಿ ಸ್ವರದ ರೇಖೆಯು ಹೆಚ್ಚು ಸ್ಪಷ್ಟವಾಗಿ ಕಾಣುವುದರಿಂದ, ಮೂಲಕ್ಕಿಂತ ಆ ರೂಪಕ್ಕೇ ಭಜನೆಯ ಹೆಂಗಳೆಯರು ಮೊದಲು ಕೈಚಾಚಿಯಾರು. ನಾನು ಹಣ ಹೂಡುವುದಾದರೆ ಅದೇ ಚಿತ್ರಕ್ಕೆ ಮಿಥೂನ್ ಕಟ್ಟಿ ಅರಿಜಿತ್ ಸಿಂಗ್ ಹಾಡಿದ ‘ಧುನ್’ ಎಂಬುದರ ಮೇಲೆ ಹೂಡುತ್ತೇನೆ. ಅದಕ್ಕೆ ಅವಸರವಿಲ್ಲ, ಸಾಲುಗಳು ಉಸಿರಿನ ಅಳತೆಯಲ್ಲಿವೆ, ವಾದ್ಯಗಳನ್ನು ತೆಗೆದು ಗುನುಗಿದರೂ ಅದರ ಆಕಾರ ಕೆಡುವುದಿಲ್ಲ. ಮುಂದಿನ ಶ್ರಾವಣಕ್ಕಲ್ಲದಿದ್ದರೆ ಅದರ ಮುಂದಿನ ಶ್ರಾವಣಕ್ಕೆ, ಬ್ಯಾಡಗಿ ತಾಲ್ಲೂಕಿನ ಯಾವುದಾದರೂ ಭಜನೆಯ ಪುಸ್ತಕದಲ್ಲಿ, ಹೊಸ ಪದವೊಂದರ ತಲೆಯ ಮೇಲೆ ಅದರ ಹೆಸರನ್ನು ನೋಡುವೆನೆಂದು ನಿರೀಕ್ಷಿಸಿದ್ದೇನೆ.